ಮೇಡಂ ಒತ್ತಿದ ಲಿಂಕ್

ನಮ್ಮ ವಿಶ್ವವಿದ್ಯಾಲಯದ ಸೈಬರ್ ಸುರಕ್ಷತೆ ಕೋರ್ಸನ್ನು ರೂಪಿಸಿದವರು ಇಬ್ಬರು. ಒಬ್ಬಳು ಸುಧಾಮಣಿ, ಅಂದರೆ ನಾನು, ಇನ್ನೊಬ್ಬರು ದೇವರಾಜ್. ಎರಡು ವರ್ಷ ಜಯನಗರದಲ್ಲಿ ಒಂದೇ ಮೇಜು, ಬೈ ಟೂ ಕಾಫಿ, ದಿನಾ ಜಗಳ. ಕೊನೆಯ ಜಗಳ ಮೌಲ್ಯಮಾಪನದ್ದು. ಹೇಳದೆ ಕೇಳದೆ ಎಲ್ಲರಿಗೂ ಒಂದು ಸುಳ್ಳು ಮೇಲ್ ಕಳಿಸೋಣ, ಅದರಲ್ಲಿನ ಲಿಂಕ್ ಒತ್ತಿದವರು ನಪಾಸು ಎಂದೆ ನಾನು.

"ಮನಸ್ಸಿರೋರು ಒಂದಲ್ಲ ಒಂದಿನ ಒತ್ತೇ ಒತ್ತುತಾರೆ ಮೇಡಂ. ಯಾಕೆ ಒತ್ತಿದ್ರಿ ಅಂತ ಕೇಳೋಣ," ಎಂದರು ಅವರು.

"ಮೆತ್ತಗಿರೋರಿಗೆ ಈ ಕೆಲಸ ಅಲ್ಲ, ಬಿಟ್ಬಿಡಿ," ಎಂದುಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಬಿಟ್ಟೇಬಿಟ್ಟರು. ಈಗ ಬಿಟಿಎಂ ಲೇಔಟಿನ ಯಾವುದೋ ಕಂಪನಿಯಲ್ಲಿದ್ದಾರಂತೆ. ಇಲ್ಲಿಂದ ಒಂದೇ ಬಸ್ಸು. ಒಂದು ವರ್ಷದಿಂದ ಅವರ ನಂಬರ್ ತೆಗೆಯುತ್ತೇನೆ, ಫೋನನ್ನು ಮತ್ತೆ ಬ್ಯಾಗಿಗೆ ಹಾಕುತ್ತೇನೆ. ಬಹಳ ನೆನಪಾಗುತ್ತಾರೆ, ಇದರಲ್ಲಿ ಸುತ್ತಿಬಳಸಿ ಹೇಳುವುದೇನಿದೆ.

ಮಂಗಳವಾರ ಬೆಳಿಗ್ಗೆ ಅವರ ಹೆಸರಲ್ಲಿ ಮೇಲ್ ಬಂತು. "ಮೇಡಂ, ನಮ್ಮ ಮೊದಲ ಸಿಲಬಸ್ಸಿನ ಪ್ರತಿ ಸಿಕ್ಕಿತು. ಒಮ್ಮೆ ನೋಡಿ." ಕೆಳಗೆ ಲಿಂಕ್. ಕಳಿಸಿದ ವಿಳಾಸ ಅವರದಲ್ಲ. ಅದು ಪರೀಕ್ಷೆಯ ವಾರ. ಈ ಸಲದ ಸುಳ್ಳು ಮೇಲ್ ಬರೆಯುವ ಹೊಣೆ ನನ್ನ ವಿದ್ಯಾರ್ಥಿನಿ ಮೇಘಶ್ರೀಯದು. ಅಧ್ಯಾಪಕರನ್ನೂ ಬಿಡಬೇಡ ಎಂದು ಅವಳಿಗೆ ಹೇಳಿದವಳೂ ನಾನೇ. ಎಲ್ಲ ಗೊತ್ತಿತ್ತು. ಒತ್ತಿದೆ.

ಪರದೆ ಕೆಂಪಾಯಿತು. "ನೀವು ನಪಾಸು." ನಾನೇ ಬರೆದ ವಾಕ್ಯ.

ಮೇಘಶ್ರೀ ಓಡಿ ಬಂದಳು. "ಸಾರಿ ಮೇಡಂ! ಹಳೇ ಸ್ಟಾಫ್ ಲಿಸ್ಟಲ್ಲಿ ಆ ಹೆಸರಿತ್ತು, ಹಾಕ್ಬಿಟ್ಟೆ. ಫ್ಯಾಕಲ್ಟೀಲಿ ಒತ್ತಿದ್ದು ನೀವೊಬ್ರೇ. ಡಿಲೀಟ್ ಮಾಡ್ಲಾ?"

"ಬೇಡ. ಹೆಸರು ಸಮೇತ ರಿಪೋರ್ಟಲ್ಲಿ ಹಾಕು. ನಾಲ್ಕನೇ ಪಾಠ ಏನು, ಹೇಳು ನೋಡೋಣ."

"ಅನುಮಾನ ಬಂದ್ರೆ ಲಿಂಕ್ ಮುಟ್ಟಬಾರ್ದು. ಕಳಿಸಿದೋರಿಗೇ ಫೋನ್ ಮಾಡಿ ಕೇಳ್ಬೇಕು."

ಆ ಪಾಠ ಬರೆದವರು ದೇವರಾಜ್. ಅವಳನ್ನು ಕಳಿಸಿ ಬಾಗಿಲು ಹಾಕಿಕೊಂಡೆ. ಅವರ ನಂಬರ್ ಒತ್ತಿದೆ. ಎರಡನೇ ರಿಂಗಿಗೇ ಎತ್ತಿದರು.

"ನೀವು ನನಗೊಂದು ಮೇಲ್ ಕಳಿಸಿದ್ರಾ?"

"ಇಲ್ವಲ್ಲ ಮೇಡಂ. ಲಿಂಕ್ ಒತ್ತಿದ್ರಾ?"

"ಒತ್ತಿದೆ."

ಈಗ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ.

"ಯಾಕೆ ಒತ್ತಿದ್ರಿ?" ಎಂದು ಮೆತ್ತಗೆ ಕೇಳಿದರು.

"ಸುಳ್ಳು ಅಂತ ಗೊತ್ತಿತ್ತು ದೇವರಾಜ್. ನೀವೇ ಆಗಿರ್ಲಿ ಅಂತ ಒತ್ತಿದೆ."