ಯಾರೂ ಈಜದ ಕೊಳ

ಮನೆ ಮಾರುವುದರಲ್ಲಿ ಮೈಕು ಎತ್ತಿದ ಕೈ. ಬಾಯಿ ತೆರೆದರೆ ಆಚೆ ಬೀದಿಗೂ ಕೇಳಿಸುತ್ತಿತ್ತಲ್ಲ, ಅದಕ್ಕೇ ಬಿದ್ದ ಅಡ್ಡಹೆಸರು ಅದು. ಕತ್ತಲೆ ಕೋಣೆಯನ್ನು 'ಬೇಸಿಗೆಗೆ ತಂಪು' ಎಂದೂ, ರೈಲು ಹಳಿ ಪಕ್ಕದ ಮನೆಯನ್ನು 'ಸ್ಟೇಷನ್ನಿಗೆ ಹತ್ತಿರ' ಎಂದೂ ಹೇಳಿ ಮಾರಿದ ಭೂಪ. ಅಂಥವನು ಈಗ ಸ್ವಂತ ಅಕ್ಕನ ಮನೆ ಮಾರಲಾಗದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಕಾರಣ ಬೇರೇನಲ್ಲ, ಹಿತ್ತಲಲ್ಲಿದ್ದ ಕೊಳ.

ಬ್ರೋಕರ್ ಕಸುಬಿನಲ್ಲಿ ಕೂದಲು ನರೆತವನಿಗೆ ಕೊಳದ ಸಂಗತಿ ಗೊತ್ತಿಲ್ಲದ್ದೇನೂ ಅಲ್ಲ. ಕಟ್ಟುವಾಗ ಸುರಿದ ದುಡ್ಡು ಮಾರುವಾಗ ವಾಪಸು ಬರುವುದಿಲ್ಲ. ದೊಡ್ಡವರ ಬಡಾವಣೆಯಲ್ಲಾದರೆ ಸರಿ, ಎಡಬಲದ ಮನೆಗಳಲ್ಲೆಲ್ಲ ಕೊಳ ಇರುವ ಕಡೆ ನಮ್ಮಲ್ಲಿ ಇಲ್ಲದಿದ್ದರೇ ಕೊರತೆ. ಇಂಥ ಸಾಧಾರಣ ಬೀದಿಯಲ್ಲಿ ಕೊಳ ಅಂದರೆ ಕೊಳ್ಳಲು ಬಂದವರಿಗೆ ಮೊದಲು ಕಾಣುವುದು ನೀರಲ್ಲ, ಖರ್ಚು. ಪಂಪು, ಔಷಧಿ, ಪಾಚಿ. ಆಮೇಲೆ ಮಕ್ಕಳು ಬಿದ್ದುಗಿದ್ದಾರು ಎಂಬ ಹೆದರಿಕೆ. ಇಷ್ಟು ಜಾಗದಲ್ಲಿ ಇನ್ನೆರಡು ರೂಮು ಏಳುತ್ತಿತ್ತಲ್ಲ ಎಂಬ ಹೊಟ್ಟೆಯುರಿ ಕೊನೆಗೆ. ಕೊಳದಿಂದ ಬೆಲೆ ಬೀಳದಿದ್ದರೂ ಕೊಳ್ಳುವವರು ಕಡಿಮೆಯಾಗುತ್ತಾರೆ, ಕೊಳ್ಳುವವರು ಕಡಿಮೆಯಾದರೆ ಬೆಲೆ ತಾನಾಗಿ ಬೀಳುತ್ತದೆ. ಇದನ್ನು ಅವನು ಎಷ್ಟೋ ಜನರಿಗೆ ಪಾಠ ಮಾಡಿದ್ದ.

ಅದರ ಮೇಲೆ ಇದೆಂಥ ಕೊಳ ಅಂತೀರಿ! ಓಣಿಯ ಹಾಗೆ ಉದ್ದಕ್ಕೆ ಕಿರಿದಾಗಿ ಇತ್ತು. ಈ ತುದಿಯಿಂದ ಆ ತುದಿಯವರೆಗೆ ಎದೆಮಟ್ಟದ ನೀರು, ಎಲ್ಲೂ ಅದಕ್ಕಿಂತ ಆಳ ಇಲ್ಲ. ಇಳಿಯಲು ಏಣಿಯ ಬದಲು ಇಳಿಜಾರು, ಎರಡೂ ಪಕ್ಕ ಸೊಂಟದೆತ್ತರಕ್ಕೆ ಕೊಳವೆಯ ಹಿಡಿಕೆ. ಗೋಡೆಗೆ ಹಚ್ಚಿದ ಟೈಲ್ಸ್ ಅಂತೂ ಒಂದರ ಮುಖ ಒಂದಕ್ಕೆ ಹೊಂದುವುದಿಲ್ಲ. ಭಾವ ಟೈಲ್ಸ್ ಕೆಲಸದವರು. ಬೇರೆಯವರ ಬಚ್ಚಲು, ಅಡುಗೆಮನೆ ಮುಗಿಸಿದ ಮೇಲೆ ಉಳಿದ ಚೂರುಪಾರನ್ನೆಲ್ಲ ಕೇಳಿ ತಂದು ಹಚ್ಚಿದ್ದು. ಎಲ್ಲಕ್ಕಿಂತ ತಮಾಷೆ ಎಂದರೆ ಭಾವನಿಗೂ ಈಜು ಬಾರದು, ಅಕ್ಕನಿಗೂ ಬಾರದು. ಕಟ್ಟಿದ ದಿನದಿಂದ ಇವತ್ತಿನವರೆಗೆ ಆ ಕೊಳದಲ್ಲಿ ಒಬ್ಬರೂ ಈಜಿಲ್ಲ.

ಅಕ್ಕ ಅಂಚೆ ಹಂಚುತ್ತಿದ್ದವಳು. ದಿನವಿಡೀ ನಡೆಯುವುದೇ ಅವಳ ಕೆಲಸ, ನಡೆಯುವುದೇ ಅವಳ ಖುಷಿ. ಒಂದು ದಿನ ತಿರುವಿನಲ್ಲಿ ವ್ಯಾನೊಂದು ಬಂದು ಗುದ್ದಿತು. ಆಸ್ಪತ್ರೆಯವರು ಸೊಂಟ ಕೂಡಿಸಿ, ಗಾಲಿಕುರ್ಚಿ ಕೊಟ್ಟು, ಇನ್ನು ಇದರಲ್ಲೇ ಅಭ್ಯಾಸ ಮಾಡಿಕೊಳ್ಳಿ ಎಂದು ಕಳಿಸಿಕೊಟ್ಟರು. ಕಸರತ್ತು ಹೇಳಿಕೊಡಲು ಬರುತ್ತಿದ್ದ ಹುಡುಗಿ ಮಾತ್ರ, ನೀರಲ್ಲಿ ನಿಲ್ಲಿಸಿದರೆ ಮೈ ಭಾರ ಕಾಲಿನ ಮೇಲೆ ಬೀಳುವುದಿಲ್ಲ, ಪ್ರಯತ್ನ ಮಾಡಬಹುದು ಎಂದಿದ್ದಳು. ಮಾರನೆಯ ದಿನವೇ ಭಾವ ಗುದ್ದಲಿ ತಂದು ಹಿತ್ತಲು ಅಗೆಯಲು ಶುರುಮಾಡಿದರು. ಹಾಗೆಯೇ ಮನೆಯ ಹೊಸ್ತಿಲು, ಮೆಟ್ಟಿಲು ಎಲ್ಲ ಕಿತ್ತು ಇಳಿಜಾರು ಮಾಡಿದರು. ಬೀದಿಯವರು, ಪಾಪ ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದರು. ಅವರ ಜೊತೆ ಮೈಕೂ ಎಂದಿದ್ದ, ಎಲ್ಲರಿಗಿಂತ ಜೋರಾಗಿ.

ದಿನಾ ಬೆಳಿಗ್ಗೆ ಅಕ್ಕನನ್ನು ನೀರಿಗಿಳಿಸಿ, ಅವಳೆದುರು ತಾನು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋಗುವುದು ಭಾವನ ಕ್ರಮವಾಯಿತು. ಎರಡೂ ಕೈ ಚಾಚಿರುತ್ತಿದ್ದರು, ಆದರೆ ಮುಟ್ಟುತ್ತಿರಲಿಲ್ಲ. ಅಕ್ಕ ಹಿಂದಿನ ದಿನಕ್ಕಿಂತ ಒಂದು ಗೇಣು ಮುಂದೆ ಹೋದಳು ಅನ್ನಿ, ಅವಳು ನಿಂತ ಜಾಗಕ್ಕೆ ಸರಿಯಾಗಿ ಗೋಡೆಯ ಮೇಲಂಚಿನಲ್ಲಿ ಮಾರನೆಯ ಬೆಳಿಗ್ಗೆ ಒಂದು ನೀಲಿ ಟೈಲ್ ಇರುತ್ತಿತ್ತು. ಅಕ್ಕ ಅತ್ತಳು, ಬೈದಳು, ನಿನ್ನ ಕೊಳಕ್ಕೆ ಬೆಂಕಿ ಹಾಕ ಎಂದು ಶಪಿಸಿದಳು. ಆದರೆ ಇಳಿಯುವುದನ್ನು ಬಿಡಲಿಲ್ಲ. ನೀಲಿ ಟೈಲ್ಸ್ ಮೆಲ್ಲಗೆ ಸಾಲಾಗಿ ಸಾಲಾಗಿ ಆಚೆ ತುದಿ ಮುಟ್ಟಿತು. ಗಾಲಿಕುರ್ಚಿ ಅಟ್ಟ ಸೇರಿತು.

ಈಗ ಅಕ್ಕನಿಗೆ ಮನೆ ಮಾರುವ ಅವಸರ. ಮಗಳಿಗೆ ಅವಳಿ ಮಕ್ಕಳು ಹುಟ್ಟಿದ್ದವು. ಮಗಳ ಮನೆಯ ಮೇಲಿನ ಮಹಡಿಯೇ ಖಾಲಿಯಾಗಿತ್ತು. ಅದರ ಮಾಲೀಕ ದುಡ್ಡಿಗೆ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಮಾರುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದ. ಮೂರನೇ ಮಹಡಿ, ಲಿಫ್ಟ್ ಇಲ್ಲ.

"ಲಿಫ್ಟ್ ಇಲ್ಲ ಕಣೇ ಅಕ್ಕ!" ಎಂದು ಮೈಕು ಬಾಯಿ ಬಡಿದುಕೊಂಡಿದ್ದ.

"ಅದಕ್ಕೇ ಕಣೋ ಬೇಕು ನಂಗೆ ಅದು," ಅಕ್ಕ ನಕ್ಕಿದ್ದಳು. "ನೋಡಕ್ಕೆ ಹೋದಾಗ ಆ ಮಾಲೀಕ ಮೇಲೆ ಹತ್ತೋಷ್ಟರಲ್ಲಿ ಏದುಸಿರು ಬಿಡ್ತಿದ್ದ. ನಾನು ಬಾಗಿಲಲ್ಲಿ ನಿಂತು ಅವನಿಗೆ ಕಾದೆ."

ಇಂಥ ಅಕ್ಕನಿಗೋಸ್ಕರ ಅವನು ಏನು ತಾನೆ ಮಾಡಲಾರ? 'ಈಜುಕೊಳವಿರುವ ಮನೆ' ಎಂದು ದೊಡ್ಡಕ್ಷರದಲ್ಲಿ ಜಾಹೀರಾತು ಹಾಕಿಸಿದ. ಬಂದವರೆಲ್ಲ ಈಜುವ ಆಸೆಯವರೇ. ಒಬ್ಬ ಧುಮುಕುವ ಹಲಗೆ ಎಲ್ಲಿ ಎಂದು ಕೇಳಿದ. ಇನ್ನೊಬ್ಬಳು, "ಇದೇನು ಕೊಳಾನಾ, ಚರಂಡೀನಾ?" ಎಂದು ಮೂಗು ಮುರಿದಳು. ಭಾವ ಪಕ್ಕದಲ್ಲೇ ನಿಂತಿದ್ದರು. ಕೈಯಲ್ಲಿದ್ದ ಬಟ್ಟೆಯಿಂದ ಹಿಡಿಕೆ ಒರೆಸಿದರು ಅಷ್ಟೆ. ಆ ಹೆಂಗಸಿನ ಬಾಯಿಗೆ ಹೊಡೆಯಬೇಕು ಅನ್ನಿಸಿತು ಮೈಕುವಿಗೆ. ಗಿರಾಕಿಯಲ್ಲವೇ, ಹಲ್ಲು ಕಿರಿದ.

ತಿಂಗಳ ಕೊನೆಯ ವಾರ ಬಂತು. ಮೈಕು ಕಾಫಿ ಲೋಟ ಕೆಳಗಿಟ್ಟು, ನೆಲ ನೋಡುತ್ತ ಹೇಳಿದ, "ಭಾವ, ಮುಚ್ಚಿಸಿಬಿಡೋಣ. ಒಂದು ಲಾರಿ ಮಣ್ಣು. ಮೇಲೆ ಹುಲ್ಲು ಹಾಕಿದ್ರೆ ಹಿತ್ತಲು ಅಂತ ಆಗುತ್ತೆ. ಹಿತ್ತಲು ಅಂದ್ರೆ ಎಲ್ಲರಿಗೂ ಬೇಕು."

ಅಕ್ಕ ಗಂಡನ ಮುಖ ನೋಡಿದಳು. "ಬೇಡ ಅಂದ್ರೆ ಬೇಡ. ಮೊಮ್ಮಕ್ಕಳನ್ನ ಭಾನುವಾರ ಹೋಗಿ ನೋಡ್ಕೊಂಡು ಬಂದ್ರಾಯ್ತು."

"ಮುಚ್ಚಿಸು," ಎಂದು ಮೈಕುವಿಗೆ ಹೇಳಿ ಭಾವ ಅಕ್ಕನತ್ತ ತಿರುಗಿದರು. "ಅದು ಇದ್ದಿದ್ದೇ ನೀನು ಓಡಾಡ್ಲಿ ಅಂತ. ನೀನು ಹೊರಟಿದ್ದಕ್ಕೆ ಅದೇ ಅಡ್ಡ ಬರಬಾರ್ದು."

ಇಷ್ಟು ದೊಡ್ಡ ಮಾತನ್ನು ಆ ಮನುಷ್ಯ ಉಪ್ಪು ಕೊಡು ಅಂದಷ್ಟು ಸಲೀಸಾಗಿ ಹೇಳಿಬಿಟ್ಟರು. ಜಗಳ ಮಾಡಿದ್ದರೆ ವಾದಿಸಬಹುದಿತ್ತು, ಒಪ್ಪಿಕೊಂಡವರ ಹತ್ತಿರ ಏನು ವಾದಿಸುವುದು? ಮೈಕು ಲಾರಿಯವನಿಗೆ ಫೋನ್ ಮಾಡಿದ. ಜಾಹೀರಾತನ್ನೂ ಬದಲಾಯಿಸಿದ: 'ಮೆಟ್ಟಿಲಿಲ್ಲದ ಮನೆ. ಹಿತ್ತಲ ಕೊಳ ಮುಚ್ಚಿಸಿ ಕೊಡಲಾಗುವುದು.'

ಮಣ್ಣು ಬರುವ ಬೆಳಿಗ್ಗೆ ಹೋಗಿ ನೋಡುತ್ತಾನೆ, ಕೊಳದ ತುಂಬ ನೀರು! ಹಿಂದಿನ ದಿನವೇ ಖಾಲಿ ಮಾಡಬೇಕಿತ್ತು. ಭಾವ ಪ್ಯಾಂಟು ಮಡಚಿಕೊಂಡು ಅಂಚಿನಲ್ಲಿ ಕೂತು, ಬ್ರಷ್ಷು ಹಿಡಿದು ಗೋಡೆ ಉಜ್ಜುತ್ತಿದ್ದರು. ಒಂದೊಂದು ನೀಲಿ ಟೈಲನ್ನೂ ಬೇರೆ ಬೇರೆಯಾಗಿ.

"ಏನ್ ಭಾವ ಇದು? ಇನ್ನೊಂದು ಗಳಿಗೆಗೆ ಮಣ್ಣಿನಡಿ ಹೋಗೋದನ್ನ ತೊಳೀತಾ ಕೂತಿದ್ದೀರಲ್ಲ!"

"ಕೊಳಕಾಗಿತ್ತು," ಎಂದರು ಭಾವ, ತಲೆಯೆತ್ತದೆ. "ಹಾಗೇ ಕಳಿಸಕ್ಕೆ ಮನಸ್ಸು ಬರ್ಲಿಲ್ಲ."

ಮೈಕು ಅಲ್ಲೇ ನಿಂತುಬಿಟ್ಟ. ಆ ನೀಲಿ ಸಾಲನ್ನು ಅವನು ಎಷ್ಟೋ ಸಲ ನೋಡಿದ್ದ, ಭಾವನ ಹುಚ್ಚು ಎಂದು ನಕ್ಕಿದ್ದ. ಈಗ ನೋಡಿದರೆ ಮೊದಮೊದಲಿನವು ಒಂದಕ್ಕೊಂದು ಅಂಟಿಕೊಂಡ ಹಾಗಿವೆ, ಹೋಗುತ್ತ ಹೋಗುತ್ತ ಅಂತರ ಹೆಚ್ಚಿದೆ. ಒಂದು ಕಡೆ ಬಹಳ ಉದ್ದಕ್ಕೆ ಏನೂ ಇಲ್ಲ, ಆಮೇಲೆ ಥಟ್ಟನೆ ಒಂದು. ಅಯ್ಯೋ, ತನ್ನಂಥ ಪೆದ್ದ ಉಂಟೇ ಅನ್ನಿಸಿತು. ಊರಲ್ಲಿರುವ ಮನೆಗಳನ್ನೆಲ್ಲ ಇಲ್ಲದ ಗುಣ ಹೇಳಿ ಮಾರಿದೆ, ಇದೊಂದರ ಇದ್ದ ಗುಣ ಹೇಳಲು ಬಾಯಿ ಬರಲಿಲ್ಲವಲ್ಲ! ಈಜುಕೊಳವಂತೆ, ಈಜುಕೊಳ! ಇದು ನಡೆಯುವ ಕೊಳ.

ಆದರೆ ಅಷ್ಟರಲ್ಲಿ ಲಾರಿ ಬಂದಾಗಿತ್ತು. ಹಾರ್ನ್ ಕೇಳಿ ಅವನು ಓಡುವುದರೊಳಗೆ ಡ್ರೈವರ್ ಗೇಟಿನೆದುರಿಗೇ ಅಷ್ಟೂ ಮಣ್ಣನ್ನು ಧೊಪ್ಪನೆ ಸುರಿದು ಕೈ ಕೊಡವಿಕೊಂಡಿದ್ದ. ಗುಡ್ಡೆಯ ಆಚೆ ಒಬ್ಬ ಹೆಂಗಸು, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ. ಕುತ್ತಿಗೆಯಲ್ಲಿ ಅಳತೆಯ ಟೇಪು. ಅವಳ ಮುಂದೆ ಗಾಲಿಕುರ್ಚಿಯಲ್ಲಿ ಗಂಡ, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು.

"ಮೆಟ್ಟಿಲಿಲ್ಲದ ಮನೆ ಅಂತ ಹಾಕಿ, ಬಾಗಿಲಿಗೆ ಬೆಟ್ಟ ತಂದು ನಿಲ್ಸಿದ್ದೀರಲ್ಲ ಸ್ವಾಮಿ!" ಎಂದಳು.

ಪಕ್ಕದ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟವಳು. ನೂಲಿನುಂಡೆಗೂ ಚೌಕಾಸಿ ಮಾಡುವವಳೆಂದು ಹೆಸರಾದ ಹೆಂಗಸು. ಗಂಡನಿಗೆ ಲಕ್ವ ಹೊಡೆದು, ಕೈ, ಮಾತು ಎಲ್ಲ ಮರಳಿದ್ದರೂ ಕಾಲು ಮಾತ್ರ ಹಟ ಮಾಡಿತ್ತಂತೆ. ನಾಲ್ಕು ಜನರೆದುರು ತೂರಾಡಲಾರೆ ಎಂದು ಅವನು ಕಸರತ್ತನ್ನೂ ಬಿಟ್ಟಿದ್ದನಂತೆ. ಮೈಕು, ಭಾವ, ಲಾರಿ ಡ್ರೈವರ್ ಮೂವರೂ ಸೇರಿ ಮಣ್ಣು ಸರಿಸಿ ಕುರ್ಚಿಗೆ ದಾರಿ ಮಾಡಿದರು.

ಟೈಲರಮ್ಮ ಮನೆಯನ್ನೆಲ್ಲ ತಿರುಗಿ ನೋಡಿದಳು. ಹಿತ್ತಲಿಗೆ ಬಂದವಳು ಕೊಳದ ಅಂಚಿನಲ್ಲಿ ನಿಂತುಬಿಟ್ಟಳು. ಇಳಿಜಾರು ನೋಡಿದಳು, ಹಿಡಿಕೆ ನೋಡಿದಳು. ಕುತ್ತಿಗೆಯ ಟೇಪು ತೆಗೆದು ಹಿಡಿಕೆಯ ಎತ್ತರ ಅಳೆದೂ ಬಿಟ್ಟಳು.

"ಇದನ್ಯಾಕೆ ಮುಚ್ಚಿಸ್ತೀರಿ?"

ಮೈಕು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಮುಂದೆ ಬಂದಳು. ಟೈಲರಮ್ಮನನ್ನು ದಾಟಿ ಕುರ್ಚಿಯಲ್ಲಿದ್ದವನ ಎದುರು ಹೋಗಿ ನಿಂತಳು.

"ಅಣ್ಣಾ, ಇಂಥ ಕುರ್ಚಿ ನಮ್ಮ ಅಟ್ಟದಲ್ಲೂ ಒಂದಿದೆ. ನಂದು."

ಅವನು ಮೊದಲ ಸಲ ಕಣ್ಣೆತ್ತಿದ. ನೋಡಿದ್ದು ಅವಳ ಮುಖವನ್ನಲ್ಲ, ಕಾಲನ್ನು.

"ನೀರೊಳಗೆ ಕಾಲು ನಡುಗಿದ್ರೆ ಯಾರಿಗೂ ಕಾಣಲ್ಲ," ಎಂದಳು ಅಕ್ಕ. "ಬಿದ್ರೆ ಮುಖ ತೊಳೆದಂಗಾಯ್ತು ಅಷ್ಟೆ. ನಾನು ಬೇಕಾದಷ್ಟು ಸಲ ತೊಳೆದಿದ್ದೀನಿ. ಬನ್ನಿ."

"ಬಟ್ಟೆ ಒದ್ದೆಯಾಗುತ್ತೆ," ಎಂದ ಅವನು ಗೊಣಗುತ್ತ.

"ಹೆಂಡ್ತಿ ಟೈಲರ್ರು, ಬಟ್ಟೆಗೇನ್ರೀ ಬರ ನಿಮಗೆ?"

ಅವನಿಗೆ ನಗು ಬಂದುಬಿಟ್ಟಿತು. ಭಾವ ಒಂದು ಕಡೆ, ಮೈಕು ಇನ್ನೊಂದು ಕಡೆ ಹಿಡಿದು ಕುರ್ಚಿಯಿಂದ ಎಬ್ಬಿಸಿ ನೀರಿಗಿಳಿಸಿದರು. ಅವನ ಎರಡೂ ಕೈ ಹಿಡಿಕೆಯನ್ನು ಕಚ್ಚಿ ಹಿಡಿದವು. ಅಕ್ಕ ಉಟ್ಟ ಬಟ್ಟೆಯಲ್ಲೇ ಇಳಿದು ಅವನೆದುರು ನಿಂತಳು. ಕೈ ಚಾಚಿದಳು, ಮುಟ್ಟಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನು ನಡೆಯಲಾರಳು ಎಂದು ಆಸ್ಪತ್ರೆಯವರು ಕುರ್ಚಿಯಲ್ಲಿ ಕೂರಿಸಿದ್ದ ಹೆಂಗಸು ಇನ್ನೊಬ್ಬರಿಗೆ ದಾರಿ ಬಿಡುತ್ತ ಹಿಮ್ಮುಖವಾಗಿ, ಎಲ್ಲೂ ಹಿಡಿಯದೆ, ರಾಣಿಯಂತೆ ನಡೆದಳು. ಎಂಥ ಹೆಣ್ಣಪ್ಪ ಇವಳು, ಇವಳು ನನ್ನ ಅಕ್ಕ ಎಂದು ಬೀದಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು ಮೈಕುವಿಗೆ. ಪಕ್ಕದಲ್ಲಿದ್ದ ಭಾವನನ್ನು ನೋಡಿದ. ಭಾವ ದಡದ ಮೇಲೆಯೇ, ತಮಗೇ ಗೊತ್ತಿಲ್ಲದೆ, ಅವಳ ಜೊತೆಜೊತೆಗೆ ಹೆಜ್ಜೆ ಹಾಕುತ್ತಿದ್ದರು.

ಟೈಲರಮ್ಮನ ಗಂಡ ಹೆಚ್ಚು ದೂರ ಹೋಗಲಿಲ್ಲ. ಮೊದಲ ನೀಲಿ ಟೈಲ್ ದಾಟಿದ, ಎರಡನೆಯದರ ಹತ್ತಿರ ಕಾಲು ಕುಸಿದು ಮುಖ ತೊಳೆದುಕೊಂಡ. ಎದ್ದು ಕೆಮ್ಮುತ್ತ, "ಯಾರಾದ್ರೂ ನೋಡಿದ್ರಾ?" ಎಂದ. "ಏನನ್ನ?" ಎಂದಳು ಅಕ್ಕ. ಟೈಲರಮ್ಮ ಅತ್ತ ತಿರುಗಿ ಟೇಪನ್ನು ಸುತ್ತುತ್ತಿದ್ದಳು, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.

ಆಮೇಲೆ ಮೂಗೊರೆಸಿಕೊಂಡು ಮೈಕುವಿನ ಹತ್ತಿರ ಬಂದು ಕೇಳಿದಳು, "ಕೊಳ ಸೇರಿಸಿ ಎಷ್ಟು ಹೇಳಿ."

ಕೊಳ ಸೇರಿಸಿ! ಇಷ್ಟು ದಿನ ಎಲ್ಲರೂ ಕೊಳ ಕಳೆದು ಕೇಳಿದವರೇ. ಏರಿಸಿ ಹೇಳಲು ಇದಕ್ಕಿಂತ ಒಳ್ಳೆ ಗಳಿಗೆ ಬ್ರೋಕರನಿಗೆ ಸಿಕ್ಕೀತೇ? ನಾಲಿಗೆಯ ತುದಿಗೆ ಬಂದದ್ದನ್ನು ಮೈಕು ನುಂಗಿಕೊಂಡ. ಮೊದಲ ದಿನ ಯಾವ ಬೆಲೆ ಇಟ್ಟಿದ್ದನೋ ಅದನ್ನೇ ಹೇಳಿದ, ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ. ಚೌಕಾಸಿಗೆ ಹೆಸರಾದ ಟೈಲರಮ್ಮ "ಆಯ್ತು" ಎಂದಳು. ಅಷ್ಟೇ ಎಂದಳು. ಅಕ್ಕ ನೀರಲ್ಲಿ ನಿಂತೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಲಾರಿಯವನಿಗೆ ಬೇರೆ ಸಮಾಧಾನ ಹೇಳಿ, ಮಣ್ಣನ್ನು ಗೇಟಿನ ಪಕ್ಕ ಹೂವಿನ ಪಾತಿಗೆ ಹಾಕಿಸಿ, ಮೈಕು ಬೆವರೊರೆಸಿಕೊಂಡು ಹಿತ್ತಲಿಗೆ ವಾಪಸು ಬಂದ. ಭಾವ ಕೊಳದ ಎದುರು ಗೋಡೆಯ ಬಳಿ ಮಂಡಿಯೂರಿ ಕೂತಿದ್ದರು. ಆ ಗೋಡೆಯ ಮೇಲಂಚಿನಲ್ಲಿ ಇಷ್ಟು ದಿನ ಯಾವ ಗುರುತೂ ಇರಲಿಲ್ಲ. ಒಂದು ಕೈಯಲ್ಲಿ ಕರಣೆ, ಇನ್ನೊಂದರಲ್ಲಿ ಎಲ್ಲಿಂದಲೋ ಹುಡುಕಿ ತಂದ ಹಸಿರು ಟೈಲ್. ಟೈಲರಮ್ಮನ ಗಂಡ ಎದ್ದು ನಿಂತ ಜಾಗಕ್ಕೆ ಸರಿಯಾಗಿ ಅದನ್ನು ಒತ್ತಿ ಕೂರಿಸುತ್ತಿದ್ದರು. ಅವನು ಟವೆಲ್ ಹೊದ್ದು ಕುರ್ಚಿಯಲ್ಲಿ ಮುಂದೆ ಬಾಗಿ, ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದ.

"ಭಾವ, ಇನ್ನೂ ಅಗ್ರಿಮೆಂಟೇ ಆಗಿಲ್ಲ! ಅವರು ಅಡ್ವಾನ್ಸೂ ಕೊಟ್ಟಿಲ್ಲ!"

"ಅದರ ಪಾಡಿಗೆ ಅದು ಆಗುತ್ತೆ ಬಿಡೋ," ಎಂದರು ಭಾವ, ಅಂಚಿನ ಸಿಮೆಂಟನ್ನು ಬೆರಳಿನಿಂದ ಒರೆಸುತ್ತ. "ಇದು ನಾಳೆ ಬೆಳಿಗ್ಗೆಯೊಳಗೆ ಒಣಗ್ಬೇಕು. ಅವರು ನಾಳೆ ಬರ್ತಾರಂತೆ, ಮುಂದಿನದಕ್ಕೆ."