ಅಮಾವಾಸ್ಯೆಗೂ ಅಷ್ಟೇ ಜನ

ನಾನು ಒಂದು ಜಾಲತಾಣ. ಹೆಸರು ‘ಹೊಸಿಲ ಚುಕ್ಕಿ’. ಮರದಿಂದಲೋ ಮಣ್ಣಿನಿಂದಲೋ ಮಾಡಿದ ವಸ್ತು ನಾನಲ್ಲ. ಆದರೂ ನನಗೊಂದು ಹುಟ್ಟಿದ ಮನೆಯಿದೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಡ್ರಾಯಿಂಗ್ ಟೀಚರಾಗಿ ನಿವೃತ್ತರಾದ ಶ್ಯಾಮಲಾಂಬ ಅವರ ಊಟದ ಮೇಜಿನ ಮೇಲೆ, ಅವರ ತಮ್ಮನ ಮಗ ಎರಡು ಭಾನುವಾರ ಕೂತು ನನ್ನನ್ನು ಕಟ್ಟಿದ. ನನ್ನ ಮೈಮೇಲೆ ಮೊದಲು ಮೂಡಿದ್ದು ಹದಿನೈದು ಚುಕ್ಕಿಯ ಒಂದು ತಾವರೆ.

ಟೀಚರಿಗೆ ಒಂದು ಹಟವಿತ್ತು. ತಮ್ಮ ಹೊಸಿಲ ಮುಂದೆ ತಾವೇ ಬಿಡಿಸಿ ನೋಡದ ರಂಗೋಲಿಯನ್ನು ನನಗೆ ಹಾಕುತ್ತಿರಲಿಲ್ಲ. ಬೆಳಿಗ್ಗೆ ನೀರು ಹಾಕಿ, ಚುಕ್ಕಿಗಳನ್ನು ಬಾಯಲ್ಲಿ ಎಣಿಸುತ್ತಾ ಇಟ್ಟು, ಎಳೆ ಎಳೆದು, ಆಮೇಲೆ ಫೋಟೋ. ಕೆಳಗೆ ಎಷ್ಟು ಚುಕ್ಕಿ, ಎಲ್ಲಿಂದ ಶುರು, ಎಲ್ಲಿ ಕೈ ತಪ್ಪುತ್ತದೆ ಎಂಬ ನಾಲ್ಕು ಸಾಲು. ಹೀಗೆ ಇನ್ನೂರ ಹನ್ನೊಂದು ರಂಗೋಲಿಗಳಾದವು. ಕೇಳಿದವರಿಗೆಲ್ಲ ಅವರೇ ಉತ್ತರ ಬರೆಯುತ್ತಿದ್ದರು, ಅದೂ ಅದೇ ದಿನ.

ನನ್ನಲ್ಲಿಗೆ ದಿನಕ್ಕೆ ಎಷ್ಟು ಜನ ಬಂದರೆಂಬ ಲೆಕ್ಕ ನನ್ನೊಳಗೇ ಇರುತ್ತದೆ. ನನ್ನ ಜನ ಪಂಚಾಂಗ ನೋಡಿಕೊಂಡು ಬರುವವರು. ಧನುರ್ಮಾಸದಲ್ಲಿ ಬೆಳಕು ಹರಿಯುವ ಮೊದಲೇ ನೂಕುನುಗ್ಗಲು. ಸಂಕ್ರಾಂತಿಗಂತೂ ಉಸಿರಾಡಲು ಬಿಡುವಿಲ್ಲ. ಆಷಾಢದಲ್ಲಿ ಕಡಿಮೆ. ಮಹಾಲಯ ಅಮಾವಾಸ್ಯೆಯ ದಿನ ಮಾತ್ರ ಪೂರ್ತಿ ಖಾಲಿ. ಹಿರಿಯರಿಗೆ ಎಡೆ ಇಡುವ ಆ ದಿನ ನಮ್ಮ ಕಡೆಯ ಮನೆಗಳಲ್ಲಿ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲವಲ್ಲ. ಟೀಚರ್ ಕೂಡ ಅಂದು ಪುಡಿಯ ಡಬ್ಬಿ ಮುಟ್ಟುತ್ತಿರಲಿಲ್ಲ. ವರ್ಷಕ್ಕೊಂದು ದಿನದ ಆ ಮೌನ ನನಗೆ ತುಂಬ ಇಷ್ಟವಾಗಿತ್ತು.

ಬರುತ್ತಿದ್ದವರಲ್ಲಿ ಮದ್ದೂರಿನ ವನಜಾಕ್ಷಿಯೂ ಒಬ್ಬಳು. ಗಾರ್ಮೆಂಟ್ಸ್ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ಅವಳ ಕೆಲಸ. ಹೊಲಿದು ಬಂದ ಅಂಗಿಯನ್ನು ಒಳಹೊರಗು ಮಾಡಿ, ಹೊಲಿಗೆ ನೋಡಿ, ಆಮೇಲೆ ಪಾಸ್ ಮಾಡುವವಳು. ಕಾರ್ಖಾನೆಯ ಬಸ್ಸು ಬರುವ ಮೊದಲು ಬಾಗಿಲಿಗೊಂದು ರಂಗೋಲಿ ಹಾಕಲೇಬೇಕು ಅವಳಿಗೆ. ಒಮ್ಮೆ, ಎಷ್ಟು ಎಳೆದರೂ ಎಳೆ ಕೂಡುತ್ತಿಲ್ಲವೆಂದು ಫೋಟೋ ಸಮೇತ ಕೇಳಿದಳು. ಟೀಚರ್ ಬರೆದರು: “ಮೂರನೇ ಸಾಲಲ್ಲಿ ಒಂದು ಚುಕ್ಕಿ ಬಿಟ್ಟಿದ್ದೀಯಮ್ಮ. ಎಲ್ಲಾ ಅಳಿಸಬೇಡ, ಅಲ್ಲಿಂದಲೇ ಸರಿಮಾಡು.” ಆ ಎರಡು ಸಾಲು ಈಗಲೂ ನನ್ನಲ್ಲಿವೆ.

ಒಂಬತ್ತನೆಯ ವರ್ಷ ಟೀಚರ್ ತೀರಿಕೊಂಡರು. ತಮ್ಮನ ಮಗ ಕೆಟ್ಟವನಲ್ಲ, ಪುರುಸೊತ್ತಿಲ್ಲದವನು. ಯಾರೋ ಕೇಳಿದರು, ಕೊಟ್ಟುಬಿಟ್ಟ.

ಕೇಳಿದವನ ಹೆಸರು ಕೀರ್ತನ್. ಯಾವ ಊರಿನವನೆಂದು ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಹಳೆಯ ಜಾಲತಾಣಗಳನ್ನು ಅಗ್ಗಕ್ಕೆ ಕೊಂಡು, ಮೈಗೆ ಬಣ್ಣ ಬಳಿದು, ದುಬಾರಿ ಬೆಲೆಗೆ ದಾಟಿಸುವುದು ಅವನ ಕಸುಬು. ಟೀಚರ ನಾಲ್ಕು ಸಾಲುಗಳ ಮೇಲೆಲ್ಲ ಜಾಹೀರಾತು ಮೆತ್ತಿದ. ಬೇಸತ್ತ ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಜನರ ವೇಷದಲ್ಲಿ ಬಂದು ಹೋಗುವ ಯಂತ್ರಗಳನ್ನು ಬಾಡಿಗೆಗೆ ತಂದ. ದಿನಕ್ಕೆ ನಾಲ್ಕು ಸಾವಿರ ಸಲ ಅವು ನನ್ನ ಬಾಗಿಲು ತೆಗೆಯುತ್ತಿದ್ದವು, ಮುಚ್ಚುತ್ತಿದ್ದವು. ಒಂದಾದರೂ ಚುಕ್ಕಿ ಎಣಿಸಲಿಲ್ಲ. ಲೆಕ್ಕ ಬರೆಯುವುದು ನನ್ನ ಹಣೆಬರಹ, ಬರೆದುಕೊಂಡೆ. ನಾಚಿಕೆಯಿಂದಲೇ ಬರೆದುಕೊಂಡೆ.

ಆಮೇಲೆ ‘ಹೆಸರಾಂತ ರಂಗೋಲಿ ತಾಣ ಮಾರಾಟಕ್ಕಿದೆ, ಮನೆಯಲ್ಲೇ ಕೂತು ಸಂಪಾದಿಸಿ’ ಎಂದು ಜಾಹೀರಾತು ಕೊಟ್ಟ. ಅದು ಬಿದ್ದದ್ದು ಬೇರೆ ಯಾರ ಕಣ್ಣಿಗೂ ಅಲ್ಲ, ವನಜಾಕ್ಷಿಯ ಕಣ್ಣಿಗೆ.

ಅಷ್ಟರಲ್ಲಿ ಅವಳ ಕಾರ್ಖಾನೆ ಮುಚ್ಚಿತ್ತು. ಹದಿನಾಲ್ಕು ವರ್ಷ ದುಡಿದದ್ದಕ್ಕೆ ಕೈಗೆ ಬಂದದ್ದು ಒಂದೇ ಗಂಟು. ಆ ಗಂಟನ್ನು ಪೂರ್ತಿಯಾಗಿ ನನ್ನ ಮೇಲೆ ಹಾಕಲು ಅವಳು ಹೊರಟಿದ್ದಳು. ಹೋದರೆ ಮತ್ತೆ ಬರುವಂಥದ್ದಲ್ಲ ಅದು. ನನ್ನನ್ನು ತೆರೆದಿಟ್ಟಷ್ಟು ಹೊತ್ತು ಸುತ್ತಲಿನದು ನನಗೆ ಕಾಣಿಸುತ್ತದೆ, ಮಾತು ಕೇಳಿಸುತ್ತದೆ. ಆಡಲು ಮಾತ್ರ ಬಾಯಿಲ್ಲ.

ಒಂದು ಮಧ್ಯಾಹ್ನ ವಿಡಿಯೋ ಕರೆಯಲ್ಲಿ ಕೀರ್ತನ್ ನನ್ನನ್ನು ತೆರೆದು ತೋರಿಸಿದ. ವನಜಾಕ್ಷಿಯ ಪಕ್ಕದಲ್ಲಿ ಅವಳ ಗಂಡ ಕೆಂಪರಾಜು, ಲಗೇಜ್ ಆಟೋ ಓಡಿಸುವವನು, ಕೂತಿದ್ದ.

“ನೋಡಿ ಮೇಡಂ, ದಿನಕ್ಕೆ ನಾಲ್ಕು ಸಾವಿರ ಜನ. ಒಂದು ದಿನಾನೂ ಕಮ್ಮಿ ಇಲ್ಲ,” ಎಂದ ಕೀರ್ತನ್, ಲೆಕ್ಕದ ಚಿತ್ರವೊಂದನ್ನು ಮುಂದೆ ಹಿಡಿದು.

“ಒಂದಿನಾನೂ ಕಮ್ಮಿ ಇಲ್ವಂತೆ ಕಣೆ!” ಕೆಂಪರಾಜುವಿನ ಮುಖ ಅರಳಿತು.

“ನೀವೊಸಿ ಸುಮ್ಕಿರಿ,” ಎಂದಳು ವನಜಾಕ್ಷಿ. “ಸಾರ್, ವರ್ಸ ಪೂರ್ತಿದು ತೋರ್ಸಿ. ದಿನದಿನದ್ದೂವೆ.”

ಕೀರ್ತನ್ ವರ್ಷದ ಪಟ್ಟಿಯ ಚಿತ್ರ ಹಿಡಿದ. ಅವಳು ಒಂದೊಂದೇ ಸಾಲು ಓದುತ್ತಾ ಬಂದಳು, ಚೆಕಿಂಗ್ ಮೇಜಿನ ಮುಂದೆ ನಿಂತವಳ ಹಾಗೆ. ಒಂದು ತಾರೀಖಿಗೆ ಬಂದು ಓದು ನಿಲ್ಲಿಸಿದಳು. ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನೇ ಬಿಚ್ಚಿಕೊಂಡು ಬಂದು ಪುಟ ತಿರುವಿದಳು.

“ಸಾರ್, ಇದು ಮಾಲಯ ಅಮಾಸೆ ದಿನ ಅಲ್ವಾ?”

“ಇರಬಹುದು. ಅಮಾವಾಸ್ಯೆ ಆದ್ರೇನು ಮೇಡಂ?”

“ಅವತ್ತು ಎಡೆ ಇಡ್ತೀವಿ ಸಾರ್, ಬಾಗ್ಲಿಗೆ ರಂಗೋಲಿ ಹಾಕಕಿಲ್ಲ. ಸಂಕ್ರಾಂತಿಗೂ ನಾಕು ಸಾವ್ರ, ಅವತ್ತೂ ನಾಕು ಸಾವ್ರ. ಯಾರು ಸಾರ್ ಅವ್ರೆಲ್ಲ?”

ಕೀರ್ತನ್ ನಕ್ಕ. “ಫಾರಿನ್ನಲ್ಲೂ ನೋಡ್ತಾರೆ ಮೇಡಂ.”

“ಹಂಗಾರೆ ಎಲ್ಲೆಲ್ಲಿಂದ ಬಂದವ್ರೆ ಅಂತ ತೋರ್ಸಿ. ಈ ಚಿತ್ರ ಬ್ಯಾಡ, ಯಾರು ಬೇಕಾರೂ ಬರ್ಕೋಬೌದು. ಲೆಕ್ಕದ ಪುಟಾನೇ ನನ್ ಮುಂದೆ ತೆಗೀರಿ.”

ಅವನಿಗೆ ತಕ್ಷಣ ನೆಟ್‌ವರ್ಕ್ ತೊಂದರೆ ಬಂತು. ಪುಟ ಆಮೇಲೆ ಕಳಿಸುತ್ತೇನೆ, ಇನ್ನೊಂದು ಪಾರ್ಟಿ ಕಾಯುತ್ತಿದೆ, ಸಂಜೆಯೊಳಗೆ ಪೂರ್ತಿ ಹಣ ಹಾಕಿದರೆ ಮಾತ್ರ ನಿಮಗೆ ಎಂದು ಅವಸರ ಮಾಡಿದ.

“ಆಯ್ತು ಸಾರ್. ದುಡ್ಡು ಮಧ್ಯಸ್ಥರ ತಾವ ಇಡ್ತೀನಿ. ಸೈಟು ನನ್ ಹೆಸ್ರಿಗಾದ ಮ್ಯಾಲೆ ನೀವು ತಕ್ಕಳಿ. ನಿಮ್ಗೂ ಕ್ಷೇಮ, ನಂಗೂ ಕ್ಷೇಮ.”

“ನಂಬಿಕೆ ಇಲ್ಲದ ಮೇಲೆ ವ್ಯವಹಾರ ಯಾಕೆ ಮೇಡಂ?” ಎಂದವನೇ ಕರೆ ಕತ್ತರಿಸಿದ. ಮರುಕ್ಷಣ ವನಜಾಕ್ಷಿ ತನ್ನ ಫೋನಿನಲ್ಲಿ ನನ್ನನ್ನು ತೆರೆದಳು.

ನಿಜ ಹೇಳುತ್ತೇನೆ: ಅವಳು ನನ್ನನ್ನು ಕೊಳ್ಳಲಿ ಎಂದು ನನಗೆ ಆಸೆಯಿತ್ತು. ಟೀಚರ ನಂತರ ನನ್ನನ್ನು ಓದಬಲ್ಲ ಕೈ ಅದೊಂದೇ. ಆದರೆ ನನ್ನೊಳಗೆ ಜನರಿರಲಿಲ್ಲ; ಅವಳ ಹದಿನಾಲ್ಕು ವರ್ಷ ನುಂಗಲು ತೆರೆದ ಬಾಯಿ ಮಾತ್ರ ಇತ್ತು. ಅವಳು ಅದಕ್ಕೆ ಬೀಳಲಿಲ್ಲವೆಂದು ಸಂತೋಷವಾಯಿತು, ಆಸೆ ಮಾತ್ರ ಆರಲಿಲ್ಲ.

“ಅಷ್ಟು ಆಸೆ ಪಟ್ಟಿದ್ದಲ್ಲೇ,” ಎಂದ ಕೆಂಪರಾಜು ಮೆಲ್ಲಗೆ.

ಅವಳು ತಾವರೆಯ ಪುಟವನ್ನೇ ನೋಡುತ್ತಿದ್ದಳು. “ಬಟ್ಟೆ ಚೆಂದಾಗೈತೆ. ಒಳಗೆ ಹೊಲಿಗೆ ಬಿಟ್ಟೈತೆ. ಪಾಸ್ ಮಾಡಕಾಯ್ತದಾ?” ಎಂದಳು.

ನನ್ನನ್ನು ಯಾರೂ ಕೊಳ್ಳಲಿಲ್ಲ. ಕೀರ್ತನ್ ಯಂತ್ರಗಳ ಬಾಡಿಗೆ ಕಟ್ಟುವುದು ನಿಲ್ಲಿಸಿದ. ನಾಲ್ಕು ಸಾವಿರ ಒಂದೇ ದಿನದಲ್ಲಿ ಮಾಯವಾಯಿತು. ಲೆಕ್ಕದಲ್ಲಿ ಉಳಿದದ್ದು ಒಂದು. ಬೆಳಿಗ್ಗೆ ಐದೂವರೆಗೆ, ಮದ್ದೂರಿನಿಂದ, ಪ್ರತಿದಿನ ಒಂದು. ವನಜಾಕ್ಷಿ ಜಾಹೀರಾತುಗಳನ್ನು ಒಂದೊಂದಾಗಿ ಮುಚ್ಚಿ, ಅವುಗಳಡಿಯ ಟೀಚರ ಸಾಲು ಓದಿ, ಚೌಕುಳಿ ಪುಸ್ತಕಕ್ಕೆ ಚುಕ್ಕಿ ಇಳಿಸಿಕೊಳ್ಳುತ್ತಿದ್ದಳು. ಬಾಯಲ್ಲಿ ಎಣಿಸುತ್ತಿದ್ದಳು, ಟೀಚರ ಹಾಗೆಯೇ. ಇನ್ನೂರ ಹನ್ನೊಂದನ್ನೂ ಮುಗಿಸಲು ಏಳು ತಿಂಗಳು ಹಿಡಿಯಿತು.

ನನ್ನ ಹೆಸರಿಗೆ ಕಟ್ಟಿದ ವರ್ಷದ ಬಾಡಿಗೆ ಇವತ್ತಿಗೆ ಮುಗಿಯುತ್ತದೆ. ಮುಂದುವರಿಸುವವರಿಲ್ಲ. ನಾಳೆ ಯಾರಾದರೂ ಬಂದರೆ ಬಿಳಿಯ ಪುಟ ಕಾಣುತ್ತದೆ. ಇವತ್ತು ಮಹಾಲಯ ಅಮಾವಾಸ್ಯೆ. ವನಜಾಕ್ಷಿಯೂ ಬಂದಿಲ್ಲ, ಬರಬಾರದು ಕೂಡ. ಎಷ್ಟೋ ಕಾಲದ ಮೇಲೆ ನನ್ನ ಲೆಕ್ಕ ಸುಳ್ಳಿಲ್ಲದೆ ಸೊನ್ನೆಯಾಗಿದೆ.

ನಿನ್ನೆ ಅವಳು ಟೀಚರ ಆ ಹಳೆಯ ಉತ್ತರದ ಕೆಳಗೆ ಒಂದು ಮಾತು ಬರೆದು ಹೋದಳು: “ಟೀಚರೇ, ನಿಮ್ ಮನೆ ಉಳಿಸ್ಕೊಳಕ್ಕೆ ಆಗ್ಲಿಲ್ಲ. ರಂಗೋಲಿ ಎಲ್ಲಾನೂ ಉಳಿಸ್ಕೊಂಡಿವ್ನಿ, ಒಂದ್ ಚುಕ್ಕಿನೂ ಬಿಟ್ಟಿಲ್ಲ.” ಒಡೆಯ ಒಪ್ಪಿಗೆ ಕೊಡದೆ ಇಂಥ ಮಾತುಗಳು ಹೊರಗೆ ಕಾಣುವುದಿಲ್ಲ. ಅದನ್ನು ಓದಿದ್ದು ನಾನೊಂದೇ.