ಬೆಂದ ಕುಡುಗೋಲು

ಭದ್ರಾವತಿಯ ಮಾಸ್ತಮ್ಮನಿಗೆ ಕಾರ್ಖಾನೆಯ ಹೊಸ ಕಬ್ಬಿಣದ ಮೇಲೆ ನಂಬಿಕೆಯಿರಲಿಲ್ಲ. ಅವಳ ನಂಬಿಕೆಯೆಲ್ಲ ಅಟ್ಟದಲ್ಲಿದ್ದ ಒಂದು ಕುಡುಗೋಲಿನ ಮೇಲೆ. ಅದು ಅತ್ತೆಯ ಕಾಲದ್ದು. ಮನೆಯ ಮಕ್ಕಳ ಹೊಕ್ಕುಳಬಳ್ಳಿ ಕೊಯ್ದದ್ದೂ ಅದೇ, ಹಸುವಿಗೆ ಹುಲ್ಲು ಕೊಯ್ದದ್ದೂ ಅದೇ.

ಸೊಸೆ ಪುಟ್ಟಲಕ್ಷ್ಮಿಯ ಚೊಚ್ಚಲ ಮಗು ಹುಟ್ಟಿದ ವಾರದಲ್ಲೇ ಮೈ ಸೆಟೆದು ತೀರಿಕೊಂಡಿತ್ತು. ಮಾಸ್ತಮ್ಮ ಎದುರುಮನೆಯವರ ಕೆಟ್ಟ ಕಣ್ಣನ್ನು ಬೈದಳೇ ಹೊರತು ಕುಡುಗೋಲನ್ನು ಬೈಯಲಿಲ್ಲ. ಅದಕ್ಕೇ ಎರಡನೆಯ ಹೆರಿಗೆಗೆ ಮಗ ಹೊನ್ನಯ್ಯ ಅವ್ವನನ್ನು ಕೇಳದೆ ಶಿವಮೊಗ್ಗದಿಂದ ನರ್ಸ್ ವಸಂತಮ್ಮನನ್ನು ಕರೆತಂದ.

ವಸಂತಮ್ಮ ಗಾಡಿಯಿಂದ ಇಳಿದಾಗ ಕೈಯಲ್ಲಿ ಪೆಟ್ಟಿಗೆ, ಕಂಕುಳಲ್ಲಿ ಇನ್ನೂ ಮೊಲೆಹಾಲು ಬಿಡದ ಮಗಳು ಪ್ರೇಮ. ಮಗಳನ್ನು ಚಾಪೆಯ ಮೇಲೆ ಬಿಟ್ಟು, ತನ್ನ ಕತ್ತರಿಯನ್ನು ಕುದಿಯಲು ಹಾಕಿ, ಮೊಣಕೈವರೆಗೆ ಸೋಪು ಉಜ್ಜತೊಡಗಿದಳು.

"ಅಲ್ಲ ಮಾರಾಯ್ತಿ, ಹೆರಿಗೆ ಮುಟ್ಟಿದ್ಮೇಲೆ ಹೆಂಗೂ ಸ್ನಾನ ಮಾಡ್ಬೇಕು. ಈಗ್ಲೇ ಯಾಕೆ ತೊಳೀತೀಯ? ಸೋಪು ದಂಡ," ಎಂದಳು ಮಾಸ್ತಮ್ಮ.

"ಆಮೇಲೆ ತೊಳೆಯೋದು ನಮ್ಮ ಮೈಲಿಗೆಗೆ, ಮಾಸ್ತಮ್ಮನೋರೆ. ಮೊದ್ಲು ತೊಳೆಯೋದು ಮಗು ಜೀವಕ್ಕೆ."

ಮಾಸ್ತಮ್ಮ ತುಕ್ಕು ಹಿಡಿದ ಕುಡುಗೋಲನ್ನು ಮುಂದೆ ಹಿಡಿದಳು. "ಇದ್ರಲ್ಲೇ ಕೊಯ್ಯಬೇಕು. ನಮ್ಮನೆ ಪದ್ಧತಿ."

ಅದನ್ನು ಕಂಡು ಪುಟ್ಟಲಕ್ಷ್ಮಿ ಒಳಗಿನಿಂದ ಅತ್ತಳು. "ನರ್ಸಮ್ಮ, ಈ ಕೂಸೂ ಹೋದ್ರೆ ನಾನು ಬದುಕಲ್ಲ."

ವಸಂತಮ್ಮ ವಾದಕ್ಕೆ ಇಳಿಯಲಿಲ್ಲ. "ಬೂದಿ ಹಾಕಿ ತುಕ್ಕೆಲ್ಲ ತಿಕ್ಕಿ, ಹಂಡೇಲಿ ಕೊತಕೊತ ಬೇಯಿಸಿ. ತುಕ್ಕು ಪೂರ್ತಿ ಹೋದ್ರೆ ತನ್ನಿ, ನೋಡೋಣ," ಎಂದು ಬಾಗಿಲು ಮುಂದೆ ಮಾಡಿದಳು.

ಮಾಸ್ತಮ್ಮ ತಿಕ್ಕಿದಳು, ಬೇಯಿಸಿದಳು, ಮತ್ತೆ ತಿಕ್ಕಿದಳು. ಅತ್ತೆಯ ಕಾಲದ ತುಕ್ಕು ಅತ್ತೆಯಷ್ಟೇ ಹಟಮಾರಿ.

ಪಕ್ಕದ ಮನೆಯ ಹುಲಿಗೆಮ್ಮ ಇಣುಕಿದಳು. "ಇವತ್ತೇನು ಸಾರು, ಮಾಸ್ತಮ್ಮ?"

"ಕುಡುಗೋಲು."

"ಮೆತ್ತಗಾಯ್ತಾ?"

ಮಾಸ್ತಮ್ಮ ಮತ್ತೆ ಬೂದಿಗೆ ಕೈ ಹಾಕುವಷ್ಟರಲ್ಲಿ ಒಳಗೆ ಮಗು ಅತ್ತಿತು. ವಸಂತಮ್ಮ ಕುದಿಸಿದ ಕತ್ತರಿಯಿಂದ ಬಳ್ಳಿ ಕತ್ತರಿಸಿಯೂ ಆಗಿತ್ತು. ಅಳು ಕೇಳಿ ಚಾಪೆಯ ಮೇಲಿದ್ದ ಪ್ರೇಮಳೂ ರಾಗ ಎಳೆದಳು. ಮಾಸ್ತಮ್ಮ ಬೂದಿಗೈಯಲ್ಲೇ ಅವಳನ್ನು ಎತ್ತಲು ಬಾಗಿದಳು.

"ಕೈ ತೊಳ್ಕೊಂಡು ಎತ್ಕೊಳ್ಳಿ," ಬಾಗಿಲ ಸಂದಿಯಿಂದ ನೋಡಿದ ವಸಂತಮ್ಮನ ದನಿ ಬಂತು. "ಅದು ನನ್ನ ಹೊಟ್ಟೇಲಿ ಹುಟ್ಟಿದ್ದು. ನನ್ನ ಮಗಳಿಗೆ ಒಂದು ನ್ಯಾಯ, ನಿಮ್ಮ ಮೊಮ್ಮಗನಿಗೆ ಒಂದು ನ್ಯಾಯ ಮಾಡಲ್ಲ ನಾನು."

ತನ್ನ ಕರುಳಕುಡಿಗೆ ಮಾಡಿದ್ದನ್ನೇ ಪರರ ಮಗುವಿಗೂ ಮಾಡುವವಳ ಜೊತೆ ಜಗಳವಾಡುವುದು ಹೇಗೆ? ಮಾಸ್ತಮ್ಮ ಹೋಗಿ ಸೋಪು ಹಿಡಿದಳು. ಕೆಟ್ಟ ವಾರ ಕಳೆಯಿತು, ಮೊಮ್ಮಗ ಗುಂಡುಗುಂಡಾಗಿ ಬೆಳೆದ. ಕುಡುಗೋಲು ಕೊಟ್ಟಿಗೆ ಸೇರಿತು.

ಆಮೇಲೆ ಎಷ್ಟೋ ವರ್ಷ ವಸಂತಮ್ಮ ಹೊಳಲೂರು, ಆಯನೂರು ಎನ್ನದೆ ಮಗಳನ್ನು ಕಟ್ಟಿಕೊಂಡೇ ಹೆರಿಗೆಗಳಿಗೆ ಓಡಾಡಿದಳು. ಹೋದ ವರ್ಷ ಅವಳು ತೀರಿಕೊಂಡಾಗ ಮಾಸ್ತಮ್ಮ ಸ್ವಂತ ಮಗಳು ಹೋದಂತೆ ಅತ್ತಳು. ಪ್ರೇಮ ಬಸುರಿಯಾದಾಗ, "ತಾಯಿಯಿಲ್ಲದ ಹುಡುಗಿ, ಅವಳ ತವರು ನಮ್ಮನೆ," ಎಂದು ಕರೆತಂದಳು. ಹೆರಿಗೆಗೆ ನರ್ಸನ್ನು ಕರೆಸಿದವಳೂ ಈ ಸಲ ಅವಳೇ.

ಪ್ರೇಮಳ ಅತ್ತೆ ಮೊಮ್ಮಗಳನ್ನು ನೋಡಲು ಬಂದಾಗ ಬಾಗಿಲಿಗೆ ಅಡ್ಡ ಮಾಸ್ತಮ್ಮ ಕೂತಿದ್ದಳು, ಪಕ್ಕದಲ್ಲಿ ಚೊಂಬು, ಸೋಪು.

"ಮುಟ್ಟಿದ್ಮೇಲೆ ಹೆಂಗೂ ಸ್ನಾನ ಮಾಡ್ತೀನಲ್ಲ ಬೀಗಿತ್ತಿ, ಈಗ್ಲೇ ಯಾಕೆ ತೊಳೀಬೇಕು?" ಎಂದರು ಆಕೆ.

ಮಾಸ್ತಮ್ಮನಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು.

"ಆಮೇಲೆ ತೊಳೆಯೋದು ನಮ್ಮ ಮೈಲಿಗೆಗೆ. ಮೊದ್ಲು ತೊಳೆಯೋದು ಮಗು ಜೀವಕ್ಕೆ. ಈ ಮಾತು ನಂದಲ್ಲ, ಒಳಗೆ ಮಲಗಿದೆಯಲ್ಲ, ಆ ಕೂಸಿನ ಅಜ್ಜೀದು."

ಬೀಗಿತ್ತಿ ಕೈ ಚಾಚಿದರು. ಮಾಸ್ತಮ್ಮ ನೀರು ಹಾಕಿದಳು.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಬಸುರಿಯಿದ್ದರೆ ಹೆರಿಗೆಗೆ ಕಲಿತ ನರ್ಸನ್ನು ಕರೆಸಿ. ಹೊಕ್ಕುಳಿಗೆ ಬೂದಿ, ಸಗಣಿ ಹಚ್ಚಬೇಡಿ. ಕೂಸನ್ನು ಮುಟ್ಟುವವರು ಯಾರೇ ಆಗಲಿ, ಮೊದಲು ಸೋಪು ಹಚ್ಚಿ ಕೈ ತೊಳೆಯಲಿ. ಕುಡುಗೋಲು ಹುಲ್ಲಿಗಿರಲಿ.